ಕಂಪನಿ ಹಣ ಕೊಟ್ಟ ಸಂಶೋಧನೆಯ ಫಲಿತಾಂಶ ಯಾರದು? ಸಹಿ ಮಾಡುವ ಮೊದಲು ನಿಮ್ಮ ಅಭಿಪ್ರಾಯ ಬೇಕು

ಲೇಪನ ಸಂಶೋಧಕಿ

ಲೋಹಕ್ಕೆ ತುಕ್ಕು ಹಿಡಿಯದಂತೆ ತಡೆಯುವ ಲೇಪನಗಳ ಮೇಲೆ ನಮ್ಮ ತಂಡ ಕೆಲಸ ಮಾಡುತ್ತಿದೆ. ಅದೇ ಕ್ಷೇತ್ರದ ಒಂದು ಕಂಪನಿ ಮೂರು ವರ್ಷಗಳ ಸಂಶೋಧನೆಗೆ ಹಣ ಕೊಡಲು ಮುಂದೆ ಬಂದಿದೆ. ಒಬ್ಬ ಪಿಎಚ್‌.ಡಿ. ವಿದ್ಯಾರ್ಥಿನಿಯ ಶಿಷ್ಯವೇತನ, ಒಂದು ಉಪಕರಣ, ರಾಸಾಯನಿಕಗಳ ವೆಚ್ಚ ಎಲ್ಲವೂ ಅದರಲ್ಲಿ ಸೇರಿವೆ. ಕಂಪನಿಯ ಎಂಜಿನಿಯರುಗಳು ವಿಷಯ ಬಲ್ಲವರು, ಮಾತಿಗೆ ನಿಲ್ಲುವವರು ಎಂದು ನನಗನಿಸಿದೆ. ವರ್ಷಗಟ್ಟಲೆ ಉಪ್ಪುಗಾಳಿಯಲ್ಲಿ ನಿಂತ ಲೋಹದ ಮಾದರಿಗಳನ್ನು ಕೊಡುತ್ತೇವೆ ಎನ್ನುತ್ತಿದ್ದಾರೆ. ಅಂಥವನ್ನು ಪ್ರಯೋಗಾಲಯದಲ್ಲಿ ಸೃಷ್ಟಿಸಲು ಸಾಧ್ಯವೇ ಇಲ್ಲ. ಹಣಕ್ಕಿಂತ ನನ್ನಲ್ಲಿ ಆಸೆ ಹುಟ್ಟಿಸಿರುವುದು ಆ ಮಾದರಿಗಳು.

ಆದರೆ ಒಪ್ಪಂದದ ಕರಡಿನಲ್ಲಿ ಎರಡು ಷರತ್ತುಗಳು ನಿದ್ದೆ ಕೆಡಿಸಿವೆ. ಮೊದಲನೆಯದು, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಫಲಿತಾಂಶವನ್ನೂ ಪ್ರಕಟಿಸತಕ್ಕದ್ದಲ್ಲ. ಎರಡನೆಯದು, ಈ ಯೋಜನೆಯಿಂದಾಗಲೀ 'ಇದಕ್ಕೆ ಸಂಬಂಧಿಸಿದ ಕೆಲಸದಿಂದ'ಲಾಗಲೀ ಬರುವ ಎಲ್ಲ ಬೌದ್ಧಿಕ ಆಸ್ತಿ ಕಂಪನಿಯದು. ನಮ್ಮ ಆಡಳಿತ ಕಚೇರಿಯನ್ನು ಕೇಳಿದರೆ, ಇವೆಲ್ಲ ಎಲ್ಲ ಒಪ್ಪಂದಗಳಲ್ಲೂ ಇರುವಂಥವು, ಸಹಿ ಮಾಡಿ ಎಂದರು.

ಇಂಥ ಒಪ್ಪಂದಗಳನ್ನು ಎರಡೂ ಕಡೆಯಿಂದ ನೋಡಿರುವವರು ಇಲ್ಲಿ ಇದ್ದೀರಿ. ಇವು ನಿಜವಾಗಿಯೂ ಮಾಮೂಲಿ ಷರತ್ತುಗಳೇ? ಬದಲಾಯಿಸಿ ಎಂದು ಕೇಳಿದರೆ ಕಂಪನಿ ಹಿಂದೆ ಸರಿಯುತ್ತದೆಯೇ?

ಕಾರ್ಖಾನೆ ಕಡೆಯವನು

ನಾನು ಒಂದು ತಯಾರಿಕಾ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದೇನೆ. ಇಂಥ ಕರಡುಗಳನ್ನು ಕಳುಹಿಸುವ ಕಡೆಯವನು. ಮೇಡಂ, ಬದಲಾಯಿಸಿ ಎಂದು ಧೈರ್ಯವಾಗಿ ಕೇಳಿ. ಮೊದಲ ಕರಡನ್ನು ಬರೆಯುವುದು ನಮ್ಮ ಕಾನೂನು ವಿಭಾಗ. ಸರಬರಾಜುದಾರರೊಂದಿಗೆ ಮಾಡಿಕೊಳ್ಳುವ ಒಪ್ಪಂದದ ನಮೂನೆಯನ್ನೇ ಅವರು ವಿಶ್ವವಿದ್ಯಾಲಯಕ್ಕೂ ಕಳುಹಿಸಿಬಿಡುತ್ತಾರೆ. ಬೋಲ್ಟು ಪೂರೈಸುವವರು ಪ್ರಬಂಧ ಪ್ರಕಟಿಸುವುದಿಲ್ಲವಾದ್ದರಿಂದ ಆ ನಮೂನೆಯಲ್ಲಿ ಪ್ರಕಟಣೆಯ ಹಕ್ಕಿಗೆ ಜಾಗವೇ ಇರುವುದಿಲ್ಲ.

ನಮ್ಮ ಭಯ ಏನೆಂದು ತಿಳಿದರೆ ಮಾತುಕತೆ ಸುಲಭವಾಗುತ್ತದೆ. ನೀವು ಪ್ರಕಟಿಸುತ್ತೀರಿ ಎಂಬುದಲ್ಲ, ಪೇಟೆಂಟ್ ಅರ್ಜಿ ಹಾಕುವ ಮೊದಲೇ ಪ್ರಕಟಿಸುತ್ತೀರಿ ಎಂಬುದು ನಮ್ಮ ಭಯ. ಅಮೆರಿಕದಲ್ಲಿ ಸಂಶೋಧಕರೇ ಪ್ರಕಟಿಸಿದ್ದರೆ ಅರ್ಜಿ ಹಾಕಲು ಒಂದು ವರ್ಷದ ಕಾಲಾವಕಾಶವಿದೆ. ಯುರೋಪಿನಲ್ಲಿ ಆ ಸೌಲಭ್ಯ ಸಾಮಾನ್ಯವಾಗಿ ಸಿಗುವುದಿಲ್ಲ. ಒಂದು ವಿಚಾರ ಸಂಕಿರಣದಲ್ಲಿ ಗೋಡೆಗೆ ಅಂಟಿಸಿದ ಪೋಸ್ಟರ್ ಕೂಡ ಅಲ್ಲಿ ಪೇಟೆಂಟಿಗೆ ಬೇಕಾದ ಹೊಸತನವನ್ನು ಕಳೆದುಬಿಡುತ್ತದೆ. ಆದ್ದರಿಂದ ಹಸ್ತಪ್ರತಿಯನ್ನು ಮೊದಲೇ ನಮಗೆ ತೋರಿಸಿ, ಅರ್ಜಿ ಹಾಕಲು ಅರವತ್ತು ದಿನ ಕೊಡಿ. ನನ್ನಂಥವರಿಗೆ ಅಷ್ಟು ಸಾಕು.

ಇನ್ನೊಂದು ಮಾತು. ಒಪ್ಪಂದದಲ್ಲಿ ಏನೇ ಬರೆದಿರಲಿ, ಯೋಜನೆ ಬದುಕುವುದು ಕಂಪನಿಯೊಳಗೆ ಅದನ್ನು ತನ್ನದೆಂದುಕೊಂಡ ಒಬ್ಬ ಎಂಜಿನಿಯರ್ ಇದ್ದರೆ ಮಾತ್ರ. ಅವರಿಗೆ ವರ್ಗವಾದರೆ ನಿಮ್ಮ ವರದಿಗಳನ್ನು ತೆರೆದು ನೋಡುವವರೂ ಇರುವುದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ಇಬ್ಬರು ಎಂಜಿನಿಯರುಗಳನ್ನು ಜೊತೆಗೆ ಇಟ್ಟುಕೊಳ್ಳಿ.

ಕರಾರು ಓದುವವಳು

ವಿಶ್ವವಿದ್ಯಾಲಯವೊಂದರ ಸಂಶೋಧನಾ ಒಪ್ಪಂದಗಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. 'ಎಲ್ಲ ಒಪ್ಪಂದಗಳಲ್ಲೂ ಇರುವಂಥವು' ಎಂಬ ಮಾತನ್ನು ಓದಿ ಕಳವಳವಾಯಿತು. ನಿಮ್ಮ ಎರಡು ಷರತ್ತುಗಳಲ್ಲಿ ಒಂದಂತೂ ಯಾವ ವಿಶ್ವವಿದ್ಯಾಲಯವೂ ಒಪ್ಪಬಾರದ್ದು.

ಪ್ರಕಟಣೆಗೆ ಮುನ್ನ ಕಂಪನಿ ಪರಿಶೀಲಿಸುವುದು ಬೇರೆ, ಕಂಪನಿಯ ಒಪ್ಪಿಗೆ ಬೇಕೆನ್ನುವುದು ಬೇರೆ. ಮೊದಲನೆಯದು ತಡ ಮಾಡುವ ಅಧಿಕಾರ. ಎರಡನೆಯದು ತಡೆಯುವ ಅಧಿಕಾರ. ಇದು ಬರೀ ಊಹೆಯ ಅಪಾಯವಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದಲ್ಲಿ ಬೆಟ್ಟಿ ಡಾಂಗ್ ಎಂಬ ಸಂಶೋಧಕಿ 1987ರಲ್ಲಿ ಥೈರಾಯ್ಡ್ ಔಷಧವೊಂದರ ತಯಾರಕರೊಂದಿಗೆ ಒಪ್ಪಂದ ಮಾಡಿಕೊಂಡರು. ಆ ಕಂಪನಿಯ ಸಿಂಥ್ರಾಯ್ಡ್ ಮಾತ್ರೆಗೂ ಅಗ್ಗದ ಇತರ ಮೂರು ಮಾತ್ರೆಗಳಿಗೂ ವ್ಯತ್ಯಾಸವಿದೆಯೇ ಎಂದು ಪರೀಕ್ಷಿಸುವುದು ಕೆಲಸ. ಪರೀಕ್ಷೆ 1990ರ ಹೊತ್ತಿಗೆ ಮುಗಿಯಿತು. ನಾಲ್ಕೂ ಮಾತ್ರೆಗಳು ದೇಹದಲ್ಲಿ ಒಂದೇ ರೀತಿ ಕೆಲಸ ಮಾಡುತ್ತವೆ ಎಂದು ತಿಳಿದುಬಂತು. ದುಬಾರಿ ಮಾತ್ರೆ ಮಾರುವವರಿಗೆ ಬೇಡವಾಗಿದ್ದ ಉತ್ತರ ಅದು. ಅಷ್ಟರಲ್ಲಿ ಆ ತಯಾರಕ ಸಂಸ್ಥೆ ಬೂಟ್ಸ್ ಕಂಪನಿಯ ಕೈಸೇರಿತ್ತು. ಪ್ರಮುಖ ವೈದ್ಯಕೀಯ ಪತ್ರಿಕೆಯೊಂದು ಪ್ರಬಂಧವನ್ನು ಸ್ವೀಕರಿಸಿ, 1995ರ ಜನವರಿಯಲ್ಲಿ ಅಚ್ಚು ಹಾಕಲು ಸಿದ್ಧವಾಗಿತ್ತು. ಆಗ ಕಂಪನಿ ಒಪ್ಪಂದವನ್ನು ಮುಂದೆ ಹಿಡಿಯಿತು. ಲಿಖಿತ ಒಪ್ಪಿಗೆ ಬೇಕೆಂಬ ಷರತ್ತು ಅಲ್ಲಿತ್ತು. ಮೊಕದ್ದಮೆಯಾದರೆ ನಿಮ್ಮ ಪರ ನಿಲ್ಲುವುದಿಲ್ಲ ಎಂದು ವಿಶ್ವವಿದ್ಯಾಲಯದ ವಕೀಲರೂ ಹೇಳಿದ ಮೇಲೆ ಡಾಂಗ್ ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೊನೆಗೆ ಅದು ಬೆಳಕು ಕಂಡದ್ದು 1997ರಲ್ಲಿ. ಅಷ್ಟು ವರ್ಷ ರೋಗಿಗಳು ಬೇಕಿಲ್ಲದ ಬೆಲೆ ತೆತ್ತರು.

ನಿಮ್ಮ ಕರಡಿನ ಮೊದಲ ಷರತ್ತು ಇದೇ ಷರತ್ತು. ಲೇಪನಕ್ಕೂ ಔಷಧಕ್ಕೂ ಸಂಬಂಧವಿಲ್ಲ ಎನಿಸಬಹುದು. ಆದರೆ ಆ ಕಂಪನಿಯ ಲೇಪನ ಹೇಳಿಕೊಂಡಷ್ಟು ಬಾಳಿಕೆ ಬರುವುದಿಲ್ಲ ಎಂದು ನಿಮ್ಮ ಅಳತೆಗಳು ತೋರಿಸಿದರೆ? ಒಪ್ಪಂದವನ್ನು ಓದುವಾಗ ನಾನು ಸದಾ ಕೇಳಿಕೊಳ್ಳುವ ಪ್ರಶ್ನೆ ಇದೊಂದೇ: ಹಣ ಕೊಟ್ಟವರಿಗೆ ಬೇಡವಾದ ಫಲಿತಾಂಶ ಬಂದ ದಿನ ಈ ಕಾಗದ ಏನು ಹೇಳುತ್ತದೆ? ಎಲ್ಲವೂ ಚೆನ್ನಾಗಿ ನಡೆದರೆ ಒಪ್ಪಂದವನ್ನು ಯಾರೂ ಮತ್ತೆ ತೆರೆಯುವುದಿಲ್ಲ.

ಎರಡನೆಯ ಷರತ್ತಿನ 'ಸಂಬಂಧಿಸಿದ ಕೆಲಸ' ಎಂಬ ಮಾತನ್ನು ತೆಗೆಸಿಯೇ ತೀರಬೇಕು. ನಿಮ್ಮ ತಂಡ ಮಾಡುವುದೆಲ್ಲವೂ ಲೇಪನಕ್ಕೆ ಸಂಬಂಧಿಸಿದ್ದೇ ಅಲ್ಲವೇ? ಸಾರ್ವಜನಿಕ ಹಣದಿಂದ ಈಗಾಗಲೇ ಮಾಡಿದ ಕೆಲಸವೂ, ಮುಂದೆ ಇನ್ನೊಬ್ಬರೊಂದಿಗೆ ಮಾಡಲಿರುವ ಕೆಲಸವೂ ಅದರೊಳಗೆ ಬಂದುಬಿಡುತ್ತದೆ. ಒಪ್ಪಂದಕ್ಕೆ ಮೊದಲು ನಿಮ್ಮಲ್ಲಿದ್ದ ಜ್ಞಾನ ಯಾವುದು, ವಿಧಾನ ಯಾವುದು ಎಂದು ಪಟ್ಟಿ ಮಾಡಿ ಅನುಬಂಧವಾಗಿ ಸೇರಿಸಿ. ಬೇಸರದ ಕೆಲಸ, ಆದರೆ ಮುಂದೆ ತಕರಾರು ಎದ್ದರೆ ನಿಮ್ಮ ನೆರವಿಗೆ ಬರುವುದು ಆ ಪಟ್ಟಿಯೇ.

ಮಾದರಿ ಒಪ್ಪಂದ ಬೇಕಿದ್ದರೆ ಬ್ರಿಟನ್ನಿನ ಲ್ಯಾಂಬರ್ಟ್ ಒಪ್ಪಂದಗಳನ್ನು ನೋಡಿ. ವಿಶ್ವವಿದ್ಯಾಲಯ ಮತ್ತು ಉದ್ದಿಮೆಗಳ ಸಹಯೋಗದ ಬಗೆಗಿನ 2003ರ ಲ್ಯಾಂಬರ್ಟ್ ವರದಿಯ ಬೆನ್ನಲ್ಲೇ, 2005ರಲ್ಲಿ, ವಿಶ್ವವಿದ್ಯಾಲಯಗಳೂ ಉದ್ದಿಮೆಗಳೂ ಕೂಡಿ ಕುಳಿತು ಸಿದ್ಧಪಡಿಸಿದ ಕರಡುಗಳು ಅವು. ಬೌದ್ಧಿಕ ಆಸ್ತಿ ಯಾರ ಬಳಿ ಇರಬೇಕು ಎಂಬುದಕ್ಕೆ ತಕ್ಕಂತೆ ಬೇರೆ ಬೇರೆ ನಮೂನೆಗಳಿವೆ. ನಮ್ಮ ಕಾನೂನಿಗೆ ಹಾಗೆಯೇ ಹೊಂದುವುದಿಲ್ಲ, ಆದರೆ ಮಾತುಕತೆಗೆ ಒಳ್ಳೆಯ ಆಧಾರ.

ನಾಲ್ಕನೇ ವರ್ಷದ ಸಂಶೋಧಕ

ಇದುವರೆಗಿನ ಚರ್ಚೆಯಲ್ಲಿ ಆ ವಿದ್ಯಾರ್ಥಿನಿಯ ಹೆಸರೇ ಬಂದಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ನನ್ನ ಪಿಎಚ್‌.ಡಿ.ಗೆ ಒಂದು ಕಂಪನಿ ಹಣ ಕೊಡುತ್ತಿದೆ. ಒಪ್ಪಂದಕ್ಕೆ ಸಹಿ ಮಾಡಿದ್ದು ವಿಶ್ವವಿದ್ಯಾಲಯ ಮತ್ತು ಕಂಪನಿ. ನಾನು ಅದನ್ನು ಓದಿದ್ದು ಎರಡನೇ ವರ್ಷದಲ್ಲಿ, ನನ್ನ ಮೊದಲ ಪ್ರಬಂಧವನ್ನು ಕಳುಹಿಸಬೇಡಿ ಎಂದು ಅವರು ತಡೆದಾಗ. ಕಾರಣ ಕೇಳಿದರೆ ಪೇಟೆಂಟ್ ವಿಚಾರ ಪರಿಶೀಲನೆಯಲ್ಲಿದೆ ಎಂದರು. ಆ ಪರಿಶೀಲನೆ ಇನ್ನೂ ಮುಗಿದಿಲ್ಲ. ನನ್ನ ಜೊತೆಗೇ ಸೇರಿದ ಗೆಳೆಯರು ಎರಡು ಮೂರು ಪ್ರಬಂಧಗಳನ್ನು ಪ್ರಕಟಿಸಿ ಮುಂದಿನ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ. ನನ್ನ ಅರ್ಜಿಯಲ್ಲಿ ಆ ಜಾಗ ಖಾಲಿ. ಮಾಡಿದ ಕೆಲಸವನ್ನು ಸಂದರ್ಶನದಲ್ಲಿ ವಿವರಿಸುವಂತೆಯೂ ಇಲ್ಲ.

ಕಂಪನಿಗೆ ಇದು ಅನೇಕ ಯೋಜನೆಗಳಲ್ಲಿ ಒಂದು. ಮಾರ್ಗದರ್ಶಕರಿಗೆ ಅನೇಕ ವಿದ್ಯಾರ್ಥಿಗಳಲ್ಲಿ ನಾನೊಬ್ಬ. ನನಗೆ ಮಾತ್ರ ಇದು ಇಡೀ ಪಿಎಚ್‌.ಡಿ. ಮೇಡಂ, ದಯವಿಟ್ಟು ಆ ವಿದ್ಯಾರ್ಥಿನಿಯನ್ನು ಸಹಿಗೆ ಮೊದಲೇ ಕೂರಿಸಿಕೊಂಡು ಕರಡನ್ನು ಓದಿ ಹೇಳಿ. ಬೇಡವೆನ್ನುವ ಅವಕಾಶವನ್ನೂ ಅವರಿಗೆ ಕೊಡಿ. ಮಹಾಪ್ರಬಂಧ ಸಲ್ಲಿಸುವುದನ್ನೂ ಮೌಖಿಕ ಪರೀಕ್ಷೆಯನ್ನೂ ಯಾರೂ ತಡೆಯುವಂತಿಲ್ಲ ಎಂದು ಪ್ರತ್ಯೇಕವಾಗಿ ಬರೆಸಿ. ಗುಟ್ಟಿನ ವಿಷಯವಿದ್ದರೆ ಅದನ್ನು ಬೇರೆ ಅನುಬಂಧದಲ್ಲಿಟ್ಟು, ಪರೀಕ್ಷಕರಿಂದ ಗೌಪ್ಯತೆಯ ಪತ್ರ ಬರೆಸಿಕೊಳ್ಳಬಹುದು.

ನಿವೃತ್ತ ಮೇಷ್ಟ್ರು

ಮೇಲಿನ ತಮ್ಮನ ಮಾತು ಓದಿ ಸಂಕಟವಾಯಿತು. ಷರತ್ತುಗಳನ್ನು ತಿದ್ದಿದರೆ ಎಲ್ಲ ಸರಿಹೋಗುತ್ತದೆ ಎಂಬ ಧಾಟಿಯನ್ನು ಮಾತ್ರ ನಾನು ಒಪ್ಪಲಾರೆ.

ಪ್ರಕಟಣೆಯ ಹಕ್ಕು ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಪ್ರಶ್ನೆಯನ್ನು ಆರಿಸಿದವರು ಯಾರು? ಕಂಪನಿಗೆ ಬೇಕಾದ ಪ್ರಶ್ನೆಗೆ ಹಣವಿದೆ, ಬೇಡವಾದ ಪ್ರಶ್ನೆಗೆ ಇಲ್ಲ. ಒಂದು ವಿಭಾಗದ ಹತ್ತು ಪ್ರಯೋಗಾಲಯಗಳಲ್ಲಿ ಎಂಟು ಹೀಗೆ ಹಣವಿದ್ದ ಕಡೆ ವಾಲಿದರೆ, ಯಾರಿಗೂ ಲಾಭವಿಲ್ಲದ ಆದರೆ ಎಲ್ಲರಿಗೂ ಬೇಕಾದ ಪ್ರಶ್ನೆಗಳನ್ನು ಕೇಳುವವರು ಉಳಿಯುವುದಿಲ್ಲ. ಇಂಥ ನಷ್ಟ ಯಾವ ಒಪ್ಪಂದದಲ್ಲೂ ಕಾಣಿಸುವುದಿಲ್ಲ, ಯಾವ ನ್ಯಾಯಾಲಯಕ್ಕೂ ಹೋಗುವುದಿಲ್ಲ.

1998ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಸ್ಯ ಮತ್ತು ಸೂಕ್ಷ್ಮಜೀವಿ ವಿಜ್ಞಾನ ವಿಭಾಗ ನೊವಾರ್ಟಿಸ್ ಕಂಪನಿಯೊಂದಿಗೆ ಐದು ವರ್ಷಕ್ಕೆ 2.5 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡಿತು. ಒಬ್ಬ ಪ್ರಾಧ್ಯಾಪಕರಲ್ಲ, ಇಡೀ ವಿಭಾಗ. ಅಲ್ಲಿನ ಸಂಶೋಧನೆಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಪರವಾನಗಿಯ, ಅಂದರೆ ಅವನ್ನು ಬಳಸುವ ಅನುಮತಿಯ, ಮಾತುಕತೆ ನಡೆಸುವ ಮೊದಲ ಹಕ್ಕು ಕಂಪನಿಗೆ. ಹಣ ಹಂಚುವ ಐವರ ಸಮಿತಿಯಲ್ಲೂ ಕಂಪನಿಗೆ ಎರಡು ಸ್ಥಾನ. ಮುಂದೆ ಹೊರಗಿನ ವಿಶ್ವವಿದ್ಯಾಲಯದ ತಂಡವೊಂದು ಇದನ್ನು ಪರಿಶೀಲಿಸಿ 2004ರಲ್ಲಿ ವರದಿ ಕೊಟ್ಟಿತು. ಇಡೀ ವಿಭಾಗವನ್ನೇ ಒಳಗೊಳ್ಳುವ ಇಂಥ ಒಪ್ಪಂದಗಳಿಂದ ದೂರವಿರಿ ಎಂಬುದು ಅದರ ಸಲಹೆಗಳಲ್ಲಿ ಒಂದು. ಯಾವುದೋ ಒಂದು ಫಲಿತಾಂಶವನ್ನು ಕಂಪನಿ ತಿರುಚಿತು ಎಂದಲ್ಲ. ನಿಷ್ಪಕ್ಷಪಾತಿಗಳು ಇವರು ಎಂದು ಜನ ನಂಬುವ ವಿಭಾಗ, ತನ್ನ ಕ್ಷೇತ್ರದ ವಿವಾದಗಳ ಬಗ್ಗೆ ಮಾತಾಡಿದಾಗ ಸಂಶಯಕ್ಕೆ ಗುರಿಯಾಯಿತು. ಆ ನಂಬಿಕೆಗೆ ಬೆಲೆ ಕಟ್ಟುವವರು ಯಾರು?

ಸಣ್ಣ ಉದ್ದಿಮೆಯವಳು

ಮೇಷ್ಟ್ರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಕಂಪನಿ ಎಂದೊಡನೆ ಎಲ್ಲರ ಕಣ್ಣೆದುರಿಗೂ ಬರುವುದು ದೊಡ್ಡ ಬಹುರಾಷ್ಟ್ರೀಯ ಸಂಸ್ಥೆ. ನಮ್ಮಲ್ಲಿ ಮೂವತ್ತು ಜನ ಇದ್ದಾರೆ. ಸಂಶೋಧನಾ ವಿಭಾಗವೇ ಇಲ್ಲ. ಒಂದು ಅಂಟುದ್ರವ್ಯ ಏಕೆ ಬಿರುಕು ಬಿಡುತ್ತದೆ ಎಂದು ತಿಳಿಯಲು ಸೂಕ್ಷ್ಮದರ್ಶಕ ಇರುವವರ ಬಳಿಗೇ ಹೋಗಬೇಕು.

ನಾವು ಹೋದಾಗ ಆದದ್ದೇನು? ಒಪ್ಪಂದ ತಿಂಗಳುಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆಯಿತು. ಯೋಜನೆಯ ವೆಚ್ಚದ ಮೇಲೆ ವಿಶ್ವವಿದ್ಯಾಲಯದ ಆಡಳಿತ ವೆಚ್ಚ ಬೇರೆ. ಇನ್ನೂ ಹುಟ್ಟದ ಪೇಟೆಂಟಿಗೆ ಮಾರಾಟದ ಮೇಲೆ ರಾಯಧನ ಕೇಳಿದರು. ಆ ಪದಾರ್ಥದಿಂದ ಕೋಟಿಗಳು ಬರುತ್ತವೆ ಎಂದು ಯಾರೋ ಅವರ ತಲೆಯಲ್ಲಿ ತುಂಬಿದ್ದರು. ಕೊನೆಗೆ ಕೆಲಸ ಆರಂಭವಾಗುವ ಹೊತ್ತಿಗೆ ನಮ್ಮ ಗ್ರಾಹಕರು ಬೇರೆ ಕಡೆ ಹೋಗಿದ್ದರು. ತಪ್ಪು ಯಾವಾಗಲೂ ಕಂಪನಿಯ ಕಡೆಯೇ ಇರುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಕರಾರು ಓದುವವಳು

ನೀವು ಹೇಳಿದ ರಾಯಧನದ ಆಸೆ ನಿಜ, ಅದರ ಮೂಲವೂ ಗೊತ್ತು. ಅಮೆರಿಕದಲ್ಲಿ 1980ರ ಬೇಹ್-ಡೋಲ್ ಕಾಯ್ದೆ, ಸರ್ಕಾರಿ ಹಣದಿಂದಾದ ಆವಿಷ್ಕಾರಗಳ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ, ವಿಜ್ಞಾನಿಗಳಾದ ಕೋಹೆನ್ ಮತ್ತು ಬೋಯರ್ ಕಂಡುಹಿಡಿದ, ಬೇರೆ ಬೇರೆ ಡಿಎನ್‌ಎ ತುಂಡುಗಳನ್ನು ಜೋಡಿಸುವ ವಿಧಾನದ ಪೇಟೆಂಟ್ ಸಿಕ್ಕಿತು. ಅದರಿಂದ ಒಟ್ಟು 25 ಕೋಟಿ ಡಾಲರಿಗೂ ಹೆಚ್ಚು ಬಂತು. ಅದನ್ನು ನೋಡಿ ಎಲ್ಲರೂ ಪೇಟೆಂಟ್ ಕಚೇರಿ ತೆರೆದರು. ಆದರೆ ಅಂಥ ಪೇಟೆಂಟ್ ಅಪರೂಪದಲ್ಲಿ ಅಪರೂಪ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಆ ಕಚೇರಿಯ ಆದಾಯ ಅದರ ಖರ್ಚಿಗೇ ಸಾಲುವುದಿಲ್ಲ.

ಆ ಕಥೆಯಲ್ಲಿ ಜನ ಮರೆಯುವ ಭಾಗ ಇನ್ನೊಂದಿದೆ. ಸ್ಟ್ಯಾನ್‌ಫರ್ಡ್ ಆ ಪರವಾನಗಿಯನ್ನು ಒಬ್ಬರಿಗೇ ಬರೆದುಕೊಡಲಿಲ್ಲ. ಕೇಳಿದವರಿಗೆಲ್ಲ ಕೊಟ್ಟಿತು, 400ಕ್ಕೂ ಹೆಚ್ಚು ಕಂಪನಿಗಳಿಗೆ. ಜೈವಿಕ ತಂತ್ರಜ್ಞಾನದ ಇಡೀ ಉದ್ದಿಮೆ ಬೆಳೆದದ್ದು ಹಾಗೆ. ಲೇಪನದ ಮೂಲ ವಿಧಾನವೇನಾದರೂ ಹೊರಬಿದ್ದರೆ ಈ ದಾರಿಯನ್ನೂ ಮನಸ್ಸಿನಲ್ಲಿಡಿ: ಕಂಪನಿಗೆ ಅದರ ಬಳಕೆಯ ಕ್ಷೇತ್ರದಲ್ಲಿ ಮಾತ್ರ ಏಕಸ್ವಾಮ್ಯ, ಉಳಿದ ಕ್ಷೇತ್ರಗಳು ಮುಕ್ತ.

ಹಾಗೆಯೇ ನಿಮ್ಮ ತಂಡದವರು ಬೇರೆಯವರ ಕಾಗದಗಳಿಗೆ ಹಾಕುವ ಸಹಿಯ ಬಗ್ಗೆ ಎಚ್ಚರವಿರಲಿ. ಸ್ಟ್ಯಾನ್‌ಫರ್ಡಿನ ಸಂಶೋಧಕರೊಬ್ಬರು ಕಂಪನಿಯೊಂದರ ಪ್ರಯೋಗಾಲಯಕ್ಕೆ ಹೊಸ ತಂತ್ರ ಕಲಿಯಲು ಹೋದರು. ಒಳಗೆ ಬಿಡುವ ಮೊದಲು ಆ ಕಂಪನಿ ಗೌಪ್ಯತೆಯ ಪತ್ರವೊಂದಕ್ಕೆ ಸಹಿ ಹಾಕಿಸಿಕೊಂಡಿತು. ಆವಿಷ್ಕಾರದ ಹಕ್ಕನ್ನು ಮುಂದೆ ವರ್ಗಾಯಿಸಿಕೊಡುತ್ತೇನೆ ಎಂದಷ್ಟೇ ಅವರು ವಿಶ್ವವಿದ್ಯಾಲಯಕ್ಕೆ ಮಾತು ಕೊಟ್ಟಿದ್ದರು. ಕಂಪನಿಯ ಪತ್ರದಲ್ಲಾದರೋ ಹಕ್ಕು ಅಂದೇ ಕಂಪನಿಗೆ ವರ್ಗವಾಗಿತ್ತು. ಎಚ್‌ಐವಿ ಪ್ರಮಾಣ ಅಳೆಯುವ ವಿಧಾನದ ಮೇಲಿನ ಆ ವ್ಯಾಜ್ಯ 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ ವಿಶ್ವವಿದ್ಯಾಲಯ ಸೋತಿತು. ಕಂಪನಿಯ ಬಾಗಿಲಲ್ಲಿ ಕೊಡುವ ಯಾವ ಕಾಗದಕ್ಕೂ ವಿದ್ಯಾರ್ಥಿನಿ ಒಬ್ಬಳೇ ಸಹಿ ಮಾಡುವಂತಾಗಬಾರದು.

ತರಬೇತಿ ವಿಭಾಗದವನು

ಸಹಯೋಗ ಎಂದರೆ ಸಂಶೋಧನೆ ಮಾತ್ರವೇ? ನಮ್ಮ ಮಟ್ಟಿಗೆ ಅದು ವಿದ್ಯಾರ್ಥಿಗಳು ಕೆಲಸ ಕಲಿಯುವುದು. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬವರು 27 ಎಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಆರಂಭಿಸಿದ ಪದ್ಧತಿಯಲ್ಲಿ ಒಂದು ವಾರ ತರಗತಿ, ಮುಂದಿನ ವಾರ ಕಾರ್ಖಾನೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಇಂಥ ಪದ್ಧತಿಯೊಂದಿಗೆ. ಕೆಲಸಕ್ಕೆ ಸಂಬಳವೂ ಉಂಟು, ಅಂಕಪಟ್ಟಿಯಲ್ಲಿ ಸ್ಥಾನವೂ ಉಂಟು. ಒಡಂಬಡಿಕೆಗೆ ಸಹಿ ಹಾಕಿ, ಮುಂದೆ ಆರು ವಾರ ವಿದ್ಯಾರ್ಥಿಯನ್ನು ಮೂಲೆಯಲ್ಲಿ ಕೂರಿಸಿ ಪ್ರಮಾಣಪತ್ರ ಕೊಡುವುದಕ್ಕೂ ಇದಕ್ಕೂ ಅಜಗಜಾಂತರ. ಮೂಲ ಪ್ರಶ್ನೆಯಿಂದ ದೂರ ಸರಿದಿದ್ದರೆ ಕ್ಷಮಿಸಿ.

ಲೇಪನ ಸಂಶೋಧಕಿ

ಎಲ್ಲರಿಗೂ ಕೃತಜ್ಞತೆ. ದೂರ ಸರಿದಿಲ್ಲ ಸರ್, ಆ ವಿದ್ಯಾರ್ಥಿನಿ ವರ್ಷಕ್ಕೆ ಕೆಲವು ತಿಂಗಳು ಕಂಪನಿಯಲ್ಲೇ ಇರಬೇಕೆಂಬ ಮಾತೂ ಇದೆ. ಅವರೊಂದಿಗೆ ಕುಳಿತು ಕರಡನ್ನು ಸಾಲು ಸಾಲಾಗಿ ಓದಿದೆ. ಅವರು ಕೇಳಿದ ಮೊದಲ ಪ್ರಶ್ನೆ, 'ಕಂಪನಿ ಮಧ್ಯದಲ್ಲಿ ನಿಲ್ಲಿಸಿದರೆ ನನ್ನ ಗತಿ ಏನು?' ಕರಡಿನಲ್ಲಿ ಮೂವತ್ತು ದಿನಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ಒಪ್ಪಂದ ಮುಗಿಸಬಹುದು ಎಂದಿದೆ. ನಾನು ಅದಕ್ಕೆ ಗಮನ ಕೊಡದೆಯೇ ಮುಂದೆ ಹೋಗಿದ್ದೆ. ಅವರಿಗೆ ಅದೇ ಎಲ್ಲಕ್ಕಿಂತ ದೊಡ್ಡ ಷರತ್ತು.

ಮೇಷ್ಟ್ರೇ, ನಿಮ್ಮ ಮಾತಿಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ನಮ್ಮ ತಂಡದಲ್ಲಿ ಇದೊಂದೇ ಕಂಪನಿ ಹಣದ ಯೋಜನೆ, ಉಳಿದವು ಸಾರ್ವಜನಿಕ ಹಣದವು. ಆ ಪ್ರಮಾಣವನ್ನು ಹಾಗೆಯೇ ಉಳಿಸಿಕೊಳ್ಳುವ ಹಟ ನನಗಿದೆ.

ನಿವೃತ್ತ ಮೇಷ್ಟ್ರು

ಆ ಹಟ ಇರಲಿ ತಾಯಿ. ಹಣ ಯಾರದೆಂದು ಪ್ರತಿ ಪ್ರಬಂಧದಲ್ಲೂ, ಪ್ರತಿ ಭಾಷಣದಲ್ಲೂ ಮೊದಲೇ ಹೇಳಿ. ಪೂರ್ತಿ ದತ್ತಾಂಶ ನಿಮ್ಮ ಕೈಯಲ್ಲಿರಲಿ. ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 2001ರಲ್ಲೇ ಒಟ್ಟಾಗಿ, ಲೇಖಕರಿಗೆ ದತ್ತಾಂಶವೂ ಪ್ರಕಟಿಸುವ ಸ್ವಾತಂತ್ರ್ಯವೂ ಇಲ್ಲದ ಅಧ್ಯಯನಗಳನ್ನು ಸ್ವೀಕರಿಸುವುದಿಲ್ಲ ಎಂದು ಸಾರಿದರು. ನಿಮ್ಮ ಕ್ಷೇತ್ರಕ್ಕೂ ಅದು ಸಲ್ಲುವ ನಿಯಮವೇ.

ಕಾರ್ಖಾನೆ ಕಡೆಯವನು

ಮೂವತ್ತು ದಿನಗಳ ನೋಟಿಸ್ ಕೂಡ ಸರಬರಾಜುದಾರರ ನಮೂನೆಯಿಂದಲೇ ಬಂದದ್ದು. ನಮ್ಮ ಬಜೆಟ್ ವರ್ಷಕ್ಕೊಮ್ಮೆ, ಕೆಲವೊಮ್ಮೆ ಮೂರು ತಿಂಗಳಿಗೊಮ್ಮೆ ತಿರುಗಿ ನೋಡುವಂಥದ್ದು, ಪಿಎಚ್‌.ಡಿ. ಹಾಗಲ್ಲ. ಇದಕ್ಕೆ ದಾರಿಯಿದೆ. ವಿದ್ಯಾರ್ಥಿನಿಯ ಶಿಷ್ಯವೇತನದ ಪೂರ್ತಿ ಮೊತ್ತವನ್ನು ಆರಂಭದಲ್ಲೇ ವಿಶ್ವವಿದ್ಯಾಲಯದ ಖಾತೆಗೆ ಹಾಕುವಂತೆ ಕೇಳಿ. ಉಪಕರಣ, ರಾಸಾಯನಿಕಗಳ ಹಣ ಕಂತಿನಲ್ಲಿ ಬರಲಿ. ಯೋಜನೆಯ ಒಟ್ಟು ಮೊತ್ತದಲ್ಲಿ ಶಿಷ್ಯವೇತನ ಸಣ್ಣ ಪಾಲು. ನಮ್ಮ ಹಣಕಾಸು ವಿಭಾಗ ಗೊಣಗಿದರೂ ಒಪ್ಪುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಒಳ್ಳೆಯ ವಿದ್ಯಾರ್ಥಿನಿ ಕಂಪನಿಯಲ್ಲಿ ತಿಂಗಳುಗಟ್ಟಲೆ ಇದ್ದರೆ, ಪದವಿ ಮುಗಿಸುವ ಮೊದಲೇ ಕೆಲಸಕ್ಕೆ ಕರೆಯುವ ಆಸೆ ನಮಗೆ ಬರುತ್ತದೆ. 2015ರಲ್ಲಿ ಉಬರ್ ಕಂಪನಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದೊಂದಿಗೆ ಸಹಯೋಗ ಘೋಷಿಸಿ, ಕೆಲವೇ ತಿಂಗಳಲ್ಲಿ ಅಲ್ಲಿನ ರೊಬೊಟಿಕ್ಸ್ ಕೇಂದ್ರದಿಂದ ಸುಮಾರು 40 ಮಂದಿಯನ್ನು ತನ್ನತ್ತ ಸೆಳೆದುಕೊಂಡಿತು. ಜನ ಹೋಗುವುದನ್ನು ತಡೆಯಲಾಗದು, ತಡೆಯಲೂಬಾರದು. ಆದರೆ ಮಹಾಪ್ರಬಂಧ ಸಲ್ಲಿಸುವವರೆಗೆ ಕೆಲಸಕ್ಕೆ ಕರೆಯುವುದಿಲ್ಲ ಎಂಬ ಮಾತನ್ನು ನಮ್ಮಿಂದ ಬರೆಸಿಕೊಳ್ಳುವುದು ನ್ಯಾಯವೇ.

ಕರಾರು ಓದುವವಳು

ಪ್ರಕಟಣೆಯ ಷರತ್ತಿಗೆ ಬದಲಿಯಾಗಿ ಹೀಗೆ ಬರೆದು ಕಳುಹಿಸಿ, ನಿಮ್ಮ ಕಚೇರಿ ಭಾಷೆಯನ್ನು ತಿದ್ದಿಕೊಳ್ಳಲಿ:

'ವಿಶ್ವವಿದ್ಯಾಲಯವು ಪ್ರಕಟಣೆಗೆ ಕನಿಷ್ಠ ಮೂವತ್ತು ದಿನ ಮೊದಲು ಹಸ್ತಪ್ರತಿಯನ್ನು ಕಂಪನಿಗೆ ನೀಡತಕ್ಕದ್ದು. ಕಂಪನಿಯು ತನ್ನ ಗೌಪ್ಯ ಮಾಹಿತಿಯನ್ನು ತೆಗೆಯುವಂತೆ ಕೋರಬಹುದು, ಅಥವಾ ಪೇಟೆಂಟ್ ಅರ್ಜಿ ಸಲ್ಲಿಸಲು ಇನ್ನೂ ಅರವತ್ತು ದಿನಗಳನ್ನು ಮೀರದಂತೆ ಕಾಲಾವಕಾಶ ಕೋರಬಹುದು. ಆ ಅವಧಿ ಮುಗಿದ ಬಳಿಕ ವಿಶ್ವವಿದ್ಯಾಲಯವು ಪ್ರಕಟಿಸಲು ಸ್ವತಂತ್ರವಾಗಿರುತ್ತದೆ. ಫಲಿತಾಂಶವು ಕಂಪನಿಗೆ ಪ್ರತಿಕೂಲವಾಗಿದೆ ಎಂಬ ಕಾರಣದಿಂದ ಪ್ರಕಟಣೆಯನ್ನು ತಡೆಯುವಂತಿಲ್ಲ.'

ಕೊನೆಯ ವಾಕ್ಯವನ್ನು ಕಂಪನಿ ಕೈಬಿಡಿ ಎನ್ನಬಹುದು. ಮಣಿಯಬೇಡಿ. 'ಗೌಪ್ಯ ಮಾಹಿತಿ' ಎಂದರೆ ಕಂಪನಿ ನಿಮಗೆ ಕೊಟ್ಟದ್ದು ಮಾತ್ರ, ನೀವು ಕಂಡುಹಿಡಿದದ್ದಲ್ಲ ಎಂದೂ ವ್ಯಾಖ್ಯೆಯಲ್ಲಿ ಸೇರಿಸಿ. ಅಲ್ಲಿ ಸಡಿಲ ಬಿಟ್ಟರೆ ಈ ಷರತ್ತು ಕಾಗದದ ಮೇಲಷ್ಟೇ ಉಳಿಯುತ್ತದೆ.

ನಾಲ್ಕನೇ ವರ್ಷದ ಸಂಶೋಧಕ

ಈ ನಾಲ್ಕು ವಾಕ್ಯಗಳನ್ನು ನಕಲು ಮಾಡಿಕೊಂಡಿದ್ದೇನೆ. ನನ್ನ ಒಪ್ಪಂದದ ಅವಧಿ ವಿಸ್ತರಣೆಗೆ ಬರಲಿದೆ. ಮಾರ್ಗದರ್ಶಕರಿಗೆ ತೋರಿಸಿ, ಆಗಲಾದರೂ ಸೇರಿಸಲು ಸಾಧ್ಯವೇ ಎಂದು ಕೇಳುತ್ತೇನೆ. ಹಳೆಯ ಫಲಿತಾಂಶಗಳಿಗೂ ಇದು ಅನ್ವಯಿಸುವಂತೆ ಬರೆಸಬಹುದೇ?

ಕರಾರು ಓದುವವಳು

ಬರೆಸಬಹುದು. ಒಪ್ಪಂದ ಆರಂಭವಾದ ದಿನದಿಂದಲೇ ಜಾರಿಗೆ ಬರುವ ತಿದ್ದುಪಡಿ ಎಂದು ಎರಡೂ ಕಡೆಯವರು ಸಹಿ ಮಾಡಿದರೆ ಸಾಕು. ಅದಕ್ಕೂ ಮೊದಲು, ತಡೆಹಿಡಿದ ಪ್ರಬಂಧದ ಪೇಟೆಂಟ್ ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ನಿಮ್ಮ ವಿಶ್ವವಿದ್ಯಾಲಯದ ಮೂಲಕ ಲಿಖಿತವಾಗಿ ಕೇಳಿ. ಅರ್ಜಿ ಸಲ್ಲಿಕೆಯಾಗಿದ್ದರೆ ತಡೆಯಲು ಕಾರಣವೇ ಉಳಿಯುವುದಿಲ್ಲ. ಆಗಿಲ್ಲದಿದ್ದರೆ ಯಾವ ದಿನಾಂಕದೊಳಗೆ ಎಂದು ಅವರು ಉತ್ತರಿಸಬೇಕಾಗುತ್ತದೆ. ಒಪ್ಪಂದದ ಪ್ರತಿಯಿಂದ ಗುಟ್ಟಿನ ಭಾಗಗಳನ್ನು ತೆಗೆದು, ನಿಮ್ಮ ಮಾರ್ಗದರ್ಶಕರ ಅನುಮತಿ ಪಡೆದು ಖಾಸಗಿ ಸಂದೇಶದಲ್ಲಿ ಕಳುಹಿಸಿದರೆ ಪತ್ರದ ಕರಡನ್ನು ನಾನು ಮಾಡಿಕೊಡುತ್ತೇನೆ.